ಕ್ಯೂಬಿಟ್‌ನ ಲೆಕ್ಕ ತಪ್ಪಿಸುವ ನಿಧಾನದ ಗದ್ದಲ

ಇದು ಹಳ್ಳಿಖೇಡ (ಬಿ)ಯಿಂದ ಈ ವಾರದ ಸಂಚಿಕೆ. ದೂರದ ಕೇಳುಗರಿಗೆ ಒಂದು ಮಾತು: ಇದು ಬೀದರ್ ಜಿಲ್ಲೆ, ಹುಮನಾಬಾದ್ ತಾಲ್ಲೂಕು. ಕಬ್ಬು, ತೊಗರಿ, ಸೋಯಾ ಬೆಳೆಯೋ ಸೀಮೆ. ಇಂಥ ಊರಲ್ಲಿ ಕೂತು ಕ್ವಾಂಟಂ ಕಂಪ್ಯೂಟರ್ ಬಗ್ಗೆ ಯಾಕೆ ಮಾತಾಡ್ತೀಯಪ್ಪ ಅಂತ ಕೆಲವರು ಕೇಳಬಹುದು. ಉತ್ತರ ಸರಳ. ಅದಕ್ಕೆ ಹೋಗ್ತಿರೋದು ನಮ್ಮ ನಿಮ್ಮ ತೆರಿಗೆ ದುಡ್ಡು. ದುಡ್ಡು ಎಲ್ಲಿಗೆ ಹೋಯ್ತು, ಅದರಿಂದ ಏನು ಬಂತು ಅಂತ ಕೇಳೋದು ಬಿ.ಕಾಂ. ಓದಿದವನ ಚಾಳಿ.

ಮೊದಲು ಅಂಕಿ ಹೇಳಿಬಿಡ್ತೀನಿ. 2023ರ ಏಪ್ರಿಲ್ 19ರಂದು ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಮೊತ್ತ 6,003.65 ಕೋಟಿ ರೂಪಾಯಿ. ಅವಧಿ 2030-31ರವರೆಗೆ. ಎಂಟು ವರ್ಷದಲ್ಲಿ 50ರಿಂದ 1000 ಕ್ಯೂಬಿಟ್‌ಗಳ ಮಧ್ಯಮ ಗಾತ್ರದ ಕಂಪ್ಯೂಟರ್ ಕಟ್ಟೋದು ಅದರ ಗುರಿಗಳಲ್ಲೊಂದು. ಈ ಮಿಷನ್ನಿನ ನಾಲ್ಕು ಕೇಂದ್ರಗಳಲ್ಲಿ ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದೆ. ಹಳೇ ಮಂದಿ ಟಾಟಾ ಇನ್ಸ್‌ಟಿಟ್ಯೂಟ್ ಅಂತಾರಲ್ಲ, ಅದೇ. 2024ರ ಆಗಸ್ಟ್‌ನಲ್ಲಿ ಮುಂಬೈನ ಟಿಐಎಫ್‌ಆರ್ ಮತ್ತು ಡಿಆರ್‌ಡಿಒ ಸೇರಿ 6 ಕ್ಯೂಬಿಟ್‌ಗಳ ಪ್ರೊಸೆಸರ್ ಪರೀಕ್ಷೆ ಮುಗಿಸಿದ ಸುದ್ದಿ ಬಂತು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಯೂಪಿಐಎಐ ಕಂಪನಿ 25 ಕ್ಯೂಬಿಟ್‌ಗಳ ಯಂತ್ರ ಘೋಷಿಸಿತು.

ಈ ಸುದ್ದಿಗಳಲ್ಲೆಲ್ಲ ಒಂದು ಸಾಮಾನ್ಯ ಅಂಶ ಇದೆ, ಗಮನಿಸಿದ್ರಾ? ಎಲ್ಲಾ ಕಡೆ ತಲೆಬರಹದಲ್ಲಿ ಬರೋದು ಒಂದೇ ಅಂಕಿ: ಕ್ಯೂಬಿಟ್ ಎಷ್ಟು. ಇದು ಹೊಲ ಎಷ್ಟು ಎಕರೆ ಅಂತ ಕೇಳಿ, ಬಾವಿಯಲ್ಲಿ ನೀರು ಎಷ್ಟು ತಿಂಗಳು ನಿಲ್ಲುತ್ತೆ ಅಂತ ಕೇಳದೇ ಹೊಲ ಖರೀದಿ ಮಾಡಿದಂಗೆ. ಕ್ಯೂಬಿಟ್ ಎಷ್ಟು ಹೊತ್ತು ತನ್ನ ಲೆಕ್ಕ ಇಟ್ಟುಕೊಳ್ಳುತ್ತೆ ಅನ್ನೋದೇ ಬಾವಿಯ ನೀರು. ಆ ನೀರನ್ನು ಬತ್ತಿಸೋ ದೊಡ್ಡ ಕಾರಣಗಳಲ್ಲಿ ಒಂದು ಭಾಳ ನಿಧಾನದ್ದು. ಸೆಕೆಂಡಿಗೊಮ್ಮೆ, ನಿಮಿಷಕ್ಕೊಮ್ಮೆ, ಗಂಟೆಗೊಮ್ಮೆ ಅಲುಗಾಡುವಂಥದ್ದು. ಇಂಗ್ಲಿಷ್‌ನಲ್ಲಿ ಅದಕ್ಕೆ ಲೋ ಫ್ರೀಕ್ವೆನ್ಸಿ ನಾಯ್ಸ್ ಅಂತಾರೆ. ನಾನು ನಿಧಾನದ ಗದ್ದಲ ಅಂತೀನಿ. ಗದ್ದಲ ಅಂದ ತಕ್ಷಣ ಕಿವಿಗೆ ಕೇಳೋ ಸದ್ದು ಅಂದುಕೊಳ್ಳಬೇಡಿ. ಇಲ್ಲಿ ಗದ್ದಲ ಅಂದ್ರೆ ವಿದ್ಯುತ್ತಿನ, ಕಾಂತದ ಬೇಡದ ಏರಿಳಿತ.

ಮುಳ್ಳು ಮತ್ತು ಅದರ ಸುತ್ತು

ಕ್ಯೂಬಿಟ್ ಅಂದ್ರೆ ಏನು? ನಮ್ಮ ಮೊಬೈಲಿನ ಬಿಟ್ 0 ಆಗಿರುತ್ತೆ, ಇಲ್ಲಾ 1 ಆಗಿರುತ್ತೆ. ಕ್ಯೂಬಿಟ್ 0 ಮತ್ತು 1ರ ಬೆರಕೆಯಲ್ಲಿ ಇರಬಲ್ಲದು. ಇಷ್ಟನ್ನು ಎಲ್ಲರೂ ಹೇಳ್ತಾರೆ. ಹೇಳದೇ ಬಿಡೋ ಮಾತು ಏನಂದ್ರೆ, ಆ ಬೆರಕೆಗೆ ಒಂದು ದಿಕ್ಕೂ ಇರುತ್ತೆ. ಗಡಿಯಾರದ ಮುಳ್ಳಿನಂತೆ ಅದು ತಿರುಗ್ತಾ ಇರುತ್ತೆ. ಆ ಮುಳ್ಳು ಈಗ ಎಲ್ಲಿದೆ ಅನ್ನೋದಕ್ಕೆ ಫೇಸ್ ಅಂತಾರೆ. ಕ್ವಾಂಟಂ ಕಂಪ್ಯೂಟರಿನ ನಿಜವಾದ ಬಲ ಇರೋದು ಅಲ್ಲಿ. ತಪ್ಪು ಉತ್ತರದ ಕಡೆಗಿನ ಅಲೆಗಳು ಒಂದನ್ನೊಂದು ಅಳಿಸಿ, ಸರಿ ಉತ್ತರದ ಅಲೆಗಳು ಒಂದಕ್ಕೊಂದು ಕೂಡಿಕೊಳ್ಳಬೇಕು. ಅದಾಗಬೇಕಾದ್ರೆ ಪ್ರತಿ ಮುಳ್ಳು ಎಲ್ಲಿದೆ ಅಂತ ಪಕ್ಕಾ ಗೊತ್ತಿರಬೇಕು. ಮುಳ್ಳಿನ ಲೆಕ್ಕ ತಪ್ಪಿತು ಅಂದ್ರೆ ಕೂಡಬೇಕಾದ್ದು ಕಳೆಯುತ್ತೆ, ಕಳೆಯಬೇಕಾದ್ದು ಕೂಡುತ್ತೆ. ಹೀಗೆ ಲೆಕ್ಕ ಕಳೆದುಹೋಗೋದಕ್ಕೆ ಡಿಕೊಹೆರೆನ್ಸ್ ಅಂತ ಹೆಸರು.

ಇದು ಎರಡು ದಾರಿಯಲ್ಲಿ ಆಗುತ್ತೆ. ಮೊದಲನೇ ದಾರಿ, ಕ್ಯೂಬಿಟ್ ತನ್ನ ಶಕ್ತಿಯನ್ನೇ ಹೊರಗೆ ಬಿಟ್ಟು 1ರಿಂದ 0ಗೆ ಬೀಳೋದು. ಅದಕ್ಕೆ ತಗಲೋ ಸರಾಸರಿ ಸಮಯಕ್ಕೆ ಟಿ-ಒನ್ ಅಂತಾರೆ. ಎರಡನೇ ದಾರಿ ಸೂಕ್ಷ್ಮ. ಶಕ್ತಿ ಹೋಗಲ್ಲ, 0 ಮತ್ತು 1ರ ಪಾಲು ಹಂಗೇ ಇರುತ್ತೆ, ಆದ್ರೆ ಮುಳ್ಳು ಎಲ್ಲಿದೆ ಅನ್ನೋದು ಮರೆತುಹೋಗುತ್ತೆ. ಈ ಎರಡೂ ಸೇರಿ ಮುಳ್ಳಿನ ಲೆಕ್ಕ ಉಳಿಯೋ ಸಮಯಕ್ಕೆ ಟಿ-ಟೂ ಅಂತ ಹೆಸರು. ವ್ಯಾಪಾರದ ಭಾಷೆಯಲ್ಲಿ ಹೇಳಬೇಕಂದ್ರೆ, ಮೊದಲನೆಯದು ಗಲ್ಲಾಪೆಟ್ಟಿಗೆಯ ಹಣ ಕಳವಾದದ್ದು. ಎರಡನೆಯದು ಹಣ ಅಲ್ಲೇ ಇದ್ದು, ಯಾರಿಗೆ ಎಷ್ಟು ಕೊಡಬೇಕು ಅನ್ನೋ ಖಾತೆ ಪುಸ್ತಕ ನೀರಲ್ಲಿ ನೆನೆದದ್ದು. ಅಂಗಡಿ ಮುಳುಗಿಸೋಕೆ ಎರಡರಲ್ಲಿ ಯಾವುದಾದರೂ ಸಾಕು.

ಶಕ್ತಿ ಕದಿಯೋಕೆ ಕ್ಯೂಬಿಟ್‌ನಷ್ಟೇ ವೇಗದ ಗದ್ದಲ ಬೇಕು. ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ ಸುಮಾರು 5 ಗಿಗಾಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತೆ, ಅಂದ್ರೆ ಮುಳ್ಳು ಸೆಕೆಂಡಿಗೆ 500 ಕೋಟಿ ಸುತ್ತು. ಸೆಕೆಂಡಿಗೊಮ್ಮೆ ಅಲುಗಾಡೋ ಗದ್ದಲಕ್ಕೆ ಆ ಶಕ್ತಿಯನ್ನು ಕದಿಯೋ ತಾಕತ್ತಿಲ್ಲ. ಅದು ಮಾಡೋ ಕೆಲಸ ಬೇರೆ. ಮುಳ್ಳಿನ ವೇಗವನ್ನು ಒಂಚೂರು ಹೆಚ್ಚು, ಒಂಚೂರು ಕಮ್ಮಿ ಮಾಡುತ್ತೆ. ಅಷ್ಟೇ. ಅಷ್ಟರಿಂದಲೇ ಖಾತೆ ಹಾಳಾಗುತ್ತೆ.

ಐದು ಲಕ್ಷಕ್ಕೆ ಒಂದು ರೂಪಾಯಿ

ಒಂಚೂರು ಅಂದ್ರೆ ಎಷ್ಟು? ಒಂದು ಲೆಕ್ಕ ಹಾಕೋಣ. ಸೆಕೆಂಡಿಗೆ 500 ಕೋಟಿ ಸುತ್ತು ಹಾಕೋ ಮುಳ್ಳಿನ ವೇಗ ಬರೀ 10 ಸಾವಿರ ಸುತ್ತು ಬದಲಾಯ್ತು ಅಂತಿಟ್ಟುಕೊಳ್ರಿ. ಐದು ಲಕ್ಷ ರೂಪಾಯಿಗೆ ಒಂದು ರೂಪಾಯಿ ವ್ಯತ್ಯಾಸ. ಯಾವ ಆಡಿಟರೂ ತಲೆ ಕೆಡಿಸಿಕೊಳ್ಳಲ್ಲ. ಆದ್ರೆ 50 ಮೈಕ್ರೋಸೆಕೆಂಡ್ ಕಾದು ನೋಡಿದ್ರೆ, 10 ಸಾವಿರವನ್ನು 50 ಮೈಕ್ರೋಸೆಕೆಂಡಿಂದ ಗುಣಿಸಿದ್ರೆ, ಬರೋದು ಅರ್ಧ ಸುತ್ತು. 12ರ ಮೇಲೆ ಇರಬೇಕಾದ ಮುಳ್ಳು 6ರ ಮೇಲೆ ಬಂದು ನಿಂತಿದೆ. ಕೂಡಬೇಕಾದ್ದು ಪೂರ್ತಿ ಕಳೆಯಿತು.

ಇಲ್ಲಿ ಒಬ್ಬ ಕೇಳುಗ ಕೇಳಬಹುದು: ವೇಗ ತಪ್ಪಿದ್ರೆ ತಪ್ಪಿತು, ಎಷ್ಟು ತಪ್ಪಿದೆ ಅಂತ ಅಳೆದು ತಿದ್ದಿಕೊಂಡ್ರೆ ಆಯ್ತಲ್ಲ? ಸರಿಯಾದ ಪ್ರಶ್ನೆ. ತೊಂದರೆ ಏನಂದ್ರೆ, ಕ್ಯೂಬಿಟ್ ಒಂದು ಸಲ ನೋಡಿದ್ರೆ ಕೊಡೋದು ಒಂದೇ ಉತ್ತರ, 0 ಅಥವಾ 1. ಮುಳ್ಳು ಎಲ್ಲಿದೆ ಅಂತ ತಿಳಿಯೋಕೆ ಅದೇ ಪ್ರಯೋಗವನ್ನು ಸಾವಿರಾರು ಸಲ ಮಾಡಿ ಸರಾಸರಿ ತಗೋಬೇಕು. ಒಂದು ಸಲದ ಓಟ 50 ಮೈಕ್ರೋಸೆಕೆಂಡ್. ನಿಧಾನದ ಗದ್ದಲ ಅಷ್ಟು ಸಣ್ಣ ಹೊತ್ತಿನಲ್ಲಿ ಮಿಸುಕಾಡೋದೇ ಇಲ್ಲ, ಕಲ್ಲಿನಂಗೆ ಕೂತಿರುತ್ತೆ. ಆದ್ರೆ ಸಾವಿರಾರು ಓಟ ಮುಗಿಯೋಷ್ಟರಲ್ಲಿ ಸೆಕೆಂಡುಗಳು ಕಳೆದಿರುತ್ತವೆ. ಅಷ್ಟರಲ್ಲಿ ಅದು ಬೇರೆ ಜಾಗಕ್ಕೆ ಹೋಗಿ ಕೂತಿರುತ್ತೆ. ಮೊದಲನೇ ಓಟದಲ್ಲಿ ಮುಳ್ಳು ಸ್ವಲ್ಪ ಮುಂದೆ, ಐದು ಸಾವಿರದನೇ ಓಟದಲ್ಲಿ ಸ್ವಲ್ಪ ಹಿಂದೆ. ಎಲ್ಲಾ ಕೂಡಿಸಿ ಸರಾಸರಿ ತೆಗೆದ್ರೆ ಮುಳ್ಳೇ ಕಾಣಲ್ಲ, ಬರೀ ಮಸುಕು.

ಇನ್ನೊಂದು ವಿಷಯ. ವೇಗದ ಗದ್ದಲ ಈ ಕ್ಷಣ ಮುಳ್ಳನ್ನು ಮುಂದೆ ತಳ್ಳಿದ್ರೆ ಮರುಕ್ಷಣ ಹಿಂದೆ ತಳ್ಳುತ್ತೆ. ಕುಡಿದವನ ನಡಿಗೆ ಹಂಗೆ, ಒಂದು ಹೆಜ್ಜೆ ಎಡ, ಒಂದು ಹೆಜ್ಜೆ ಬಲ. ನೂರು ಪಟ್ಟು ಹೊತ್ತು ನಡೆದ್ರೂ ಅವನು ಹೊರಟ ಜಾಗದಿಂದ ಸರಾಸರಿ ಹತ್ತು ಪಟ್ಟು ದೂರ ಮಾತ್ರ ಹೋಗಿರ್ತಾನೆ. ನಿಧಾನದ ಗದ್ದಲ ಹಂಗಲ್ಲ. ಒಂದು ಓಟದುದ್ದಕ್ಕೂ ಒಂದೇ ಕಡೆಗೆ ತಳ್ಳುತ್ತೆ. ನೂರು ಪಟ್ಟು ಹೊತ್ತಿಗೆ ನೂರು ಪಟ್ಟು ತಪ್ಪು. ಅದಕ್ಕೇ ಅಷ್ಟೇ ಬಲದ ವೇಗದ ಗದ್ದಲಕ್ಕಿಂತ ಇದು ಹೆಚ್ಚು ಹಾನಿ ಮಾಡುತ್ತೆ.

ನೂರು ವರ್ಷದ ಹಳೇ ತಲೆನೋವು

ಈ ಗದ್ದಲ ಕ್ವಾಂಟಂ ಕಂಪ್ಯೂಟರ್ ಜೊತೆಗೆ ಹುಟ್ಟಿದ್ದೇನಲ್ಲ. 1925ರಲ್ಲಿ ಅಮೆರಿಕದ ಜೆ. ಬಿ. ಜಾನ್ಸನ್ ಅನ್ನೋರು ರೇಡಿಯೋದಲ್ಲಿ ಬಳಸೋ ನಿರ್ವಾತ ಕೊಳವೆಗಳ ವಿದ್ಯುತ್ತನ್ನು ಅಳೀತಿದ್ದರು. ಕಡಿಮೆ ಆವರ್ತನದ ಕಡೆಗೆ ಹೋದಂತೆಲ್ಲ ಗದ್ದಲ ಹೆಚ್ಚಾಗೋದನ್ನು ಕಂಡರು. ಮರುವರ್ಷ ಜರ್ಮನಿಯ ವಾಲ್ಟರ್ ಶಾಟ್ಕಿ ಅದಕ್ಕೆ ವಿವರಣೆ ಕೊಡೋಕೆ ಯತ್ನಿಸಿದರು. ದೀಪ ಮಿಣುಕಿದಂಗೆ ಅನ್ನೋ ಅರ್ಥದಲ್ಲಿ ಇದಕ್ಕೆ ಫ್ಲಿಕರ್ ಅನ್ನೋ ಹೆಸರು ಬಿತ್ತು. ಈಗ ಇದನ್ನು ಒನ್ ಬೈ ಎಫ್ ನಾಯ್ಸ್ ಅಂತಾರೆ. ಎಫ್ ಅಂದ್ರೆ ಆವರ್ತನ. ಆವರ್ತನ ಹತ್ತನೇ ಒಂದು ಭಾಗಕ್ಕೆ ಇಳಿದ್ರೆ ಗದ್ದಲದ ತೀವ್ರತೆ ಸುಮಾರು ಹತ್ತು ಪಟ್ಟು ಏರುತ್ತೆ.

ಬಿ.ಕಾಂ.ನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದವರಿಗೆ ಟೈಮ್ ಸೀರೀಸ್ ಪಾಠ ನೆನಪಿರಬೇಕು. ತೊಗರಿ ಧಾರಣೆ ದಿನಾ ಹತ್ತಿಪ್ಪತ್ತು ರೂಪಾಯಿ ಏರಿಳಿಯುತ್ತೆ, ಅದು ಒಂದು. ಸುಗ್ಗಿಗೆ ಬಿದ್ದು ಆಮೇಲೆ ಏರುತ್ತೆ, ಅದು ಇನ್ನೊಂದು. ವರ್ಷಗಟ್ಟಲೆ ನಿಧಾನವಾಗಿ ಸರಿಯೋದು ಮತ್ತೊಂದು. ದಿನದ ಏರಿಳಿತ ತಿಂಗಳ ಸರಾಸರಿಯಲ್ಲಿ ಸಮ ಆಗಿಬಿಡುತ್ತೆ. ನಿಧಾನವಾಗಿ ಸರಿಯೋದು ಸರಾಸರಿಗೆ ಬಗ್ಗಲ್ಲ. ಒನ್ ಬೈ ಎಫ್ ಗದ್ದಲದ ಗುಣವೂ ಇದೇ. ಹೆಚ್ಚು ಹೊತ್ತು ಅಳೆದ್ರೆ ಸರಿಹೋಗಬಹುದು ಅಂತ ಕಾದ್ರೆ, ಅಷ್ಟು ಹೊತ್ತಿಗೆ ಇನ್ನೂ ನಿಧಾನದ, ಇನ್ನೂ ದೊಡ್ಡ ಏರಿಳಿತ ಎದುರಿಗೆ ಬಂದು ನಿಲ್ಲುತ್ತೆ.

ಇದು ಬರೋದಾದರೂ ಎಲ್ಲಿಂದ? ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ಟಿನ ಹೃದಯ ಜೋಸೆಫ್‌ಸನ್ ಜಂಕ್ಷನ್. ಎರಡು ಅಲ್ಯೂಮಿನಿಯಂ ಪದರದ ನಡುವೆ ಒಂದೆರಡು ನ್ಯಾನೋಮೀಟರ್ ದಪ್ಪದ ಅಲ್ಯೂಮಿನಿಯಂ ಆಕ್ಸೈಡ್. ಈ ಆಕ್ಸೈಡ್ ಸ್ಫಟಿಕದಂತೆ ಶಿಸ್ತಾಗಿ ಜೋಡಿಸಿಕೊಂಡದ್ದಲ್ಲ, ಅಸ್ತವ್ಯಸ್ತ. ಅದರೊಳಗೆ, ಚಿಪ್ಪಿನ ಮೇಲ್ಮೈಯಲ್ಲಿ, ಸಡಿಲವಾಗಿ ಕೂತ ಅಣುಗಳು, ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಇರುತ್ತವೆ. ಇವಕ್ಕೆ ಕೂರೋಕೆ ಎರಡು ಜಾಗ. ಸಡಿಲಾದ ಸ್ವಿಚ್ ತಾನಾಗಿ ಆನ್ ಆಫ್ ಆದಂಗೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಜಿಗಿಯುತ್ತಾ ಇರುತ್ತವೆ. ಒಂದು ಮೈಕ್ರೋಸೆಕೆಂಡಿಗೊಮ್ಮೆ ಜಿಗಿದ್ರೆ ಇನ್ನೊಂದು ಸೆಕೆಂಡಿಗೊಮ್ಮೆ, ಮತ್ತೊಂದು ಗಂಟೆಗೊಮ್ಮೆ. ಎರಡು ಜಾಗದ ನಡುವಿನ ಗೋಡೆ ಸ್ವಲ್ಪ ಎತ್ತರವಾದ್ರೂ ಜಿಗಿಯೋ ಸಮಯ ಎಷ್ಟೋ ಪಟ್ಟು ಹೆಚ್ಚುತ್ತೆ, ಅದಕ್ಕೇ ಇಷ್ಟು ವೈವಿಧ್ಯ. ಇಂಥ ಲೆಕ್ಕವಿಲ್ಲದಷ್ಟು ಸ್ವಿಚ್‌ಗಳನ್ನು ಕೂಡಿಸಿದ್ರೆ ಸಿಗೋದು ಒನ್ ಬೈ ಎಫ್.

ತಣ್ಣಗೆ ಮಾಡಿದ್ರೆ ನಿಲ್ಲಲ್ವಾ? ಪೂರ್ತಿ ನಿಲ್ಲಲ್ಲ. ಈ ಚಿಪ್ ಇರೋ ಫ್ರಿಜ್ಜಿನ ಒಳಗೆ ಸುಮಾರು 0.02 ಕೆಲ್ವಿನ್. ಬಾಹ್ಯಾಕಾಶದ ಖಾಲಿ ಜಾಗಕ್ಕಿಂತ, ಅಂದ್ರೆ 2.7 ಕೆಲ್ವಿನ್‌ಗಿಂತ, ನೂರು ಪಟ್ಟಿಗೂ ಹೆಚ್ಚು ತಣ್ಣಗೆ. ಅಲ್ಲೂ ಕೆಲವು ಸ್ವಿಚ್‌ಗಳು ಗೋಡೆ ಹತ್ತದೇ ಗೋಡೆಯೊಳಗಿಂದಲೇ ಆಚೆ ಹೋಗುತ್ತವೆ. ಕ್ವಾಂಟಂ ನಿಯಮ ನಮಗೊಂದೇ ಅನುಕೂಲ ಮಾಡಬೇಕು ಅಂತ ಏನಿಲ್ಲವಲ್ಲ.

ಇದು ವಿದ್ಯುದಾವೇಶದ ಗದ್ದಲ. ಕಾಂತದ ಗದ್ದಲದ ಕಥೆ ಇನ್ನೂ ಸ್ವಾರಸ್ಯ. 1987ರಲ್ಲಿ ಫ್ರೆಡ್ ವೆಲ್‌ಸ್ಟುಡ್, ಕ್ರಿಸ್ಟಿಯನ್ ಉರ್ಬಿನಾ ಮತ್ತು ಜಾನ್ ಕ್ಲಾರ್ಕ್ ಅವರು ಸ್ಕ್ವಿಡ್ ಅನ್ನೋ ಅತಿಸೂಕ್ಷ್ಮ ಕಾಂತಮಾಪಕಗಳನ್ನು 1 ಕೆಲ್ವಿನ್‌ಗಿಂತ ಕೆಳಗೆ ಇಳಿಸಿ ಅಳೆದರು. ನಿಧಾನದ ಗದ್ದಲ ಒಂದು ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತ್ತು. ಮೂಲ ಯಾವುದು ಅನ್ನೋದು ದಶಕಗಳ ಕಾಲ ಒಗಟು. 2016ರಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು, ಚಿಪ್ಪಿನ ಮೇಲ್ಮೈಗೆ ಗಾಳಿಯಿಂದ ಬಂದು ಅಂಟಿಕೊಂಡ ಆಮ್ಲಜನಕದ ಅಣುಗಳು ಇದರ ಮುಖ್ಯ ಕಾರಣ ಅಂತ ತೋರಿಸಿತು. ಸುತ್ತಲಿನ ನಿರ್ವಾತ ಸುಧಾರಿಸಿದ್ರೆ, ಮೇಲ್ಮೈಗೆ ಉಪಚಾರ ಮಾಡಿದ್ರೆ ಗದ್ದಲ ಇಳಿಯಿತು. ನಾವು ಉಸಿರಾಡೋ ಆಮ್ಲಜನಕವೇ ಕ್ಯೂಬಿಟ್‌ಗೆ ಕಾಟ.

ಆ ಜಾನ್ ಕ್ಲಾರ್ಕ್ ಅವರಿಗೆ, ಮಿಷೆಲ್ ದೆವೊರೆ ಮತ್ತು ಜಾನ್ ಮಾರ್ಟಿನಿಸ್ ಅವರ ಜೊತೆ, 2025ರ ಭೌತಶಾಸ್ತ್ರದ ನೊಬೆಲ್ ಬಂತು. ಕೈಯಲ್ಲಿ ಹಿಡಿಯಬಹುದಾದ ವಿದ್ಯುತ್ ಸರ್ಕ್ಯೂಟೂ ಕ್ವಾಂಟಂ ನಿಯಮದಂತೆ ನಡೆಯುತ್ತೆ ಅಂತ ತೋರಿಸಿದ್ದಕ್ಕೆ. ಮೂವರೂ ತಮ್ಮ ಬದುಕಿನ ದೊಡ್ಡ ಪಾಲನ್ನು ಇಂಥ ಗದ್ದಲದ ಜೊತೆ ಗುದ್ದಾಡುತ್ತಾ ಕಳೆದವರು.

ಕಾಟಾದ ಉಪಾಯ

ಇಷ್ಟೆಲ್ಲ ಕೇಳಿ ಇದಕ್ಕೆ ಪರಿಹಾರವೇ ಇಲ್ಲ ಅನಿಸಬಹುದು. ಇದೆ. ಅದನ್ನು ಅರ್ಥ ಮಾಡಿಕೊಳ್ಳೋಕೆ ನಮ್ಮ ಸೀಮೆಯವರಿಗೆ ಪುಸ್ತಕ ಬೇಡ, ಕಬ್ಬಿನ ಕಾಟಾ ಸಾಕು.

ಕಬ್ಬು ತುಂಬಿದ ಟ್ರ್ಯಾಕ್ಟರ್ ಮೊದಲು ಕಾಟಾದ ಮೇಲೆ ನಿಲ್ಲುತ್ತೆ. ತುಂಬಿದ ತೂಕ ಬರೀತಾರೆ. ಕಬ್ಬು ಇಳಿಸಿ ಬಂದ ಮೇಲೆ ಖಾಲಿ ತೂಕ. ಒಂದರಲ್ಲಿ ಒಂದು ಕಳೆದ್ರೆ ರೈತನಿಗೆ ಸಿಗೋ ನಿವ್ವಳ ತೂಕ. ಈಗ ಕಾಟಾದ ಪ್ಲಾಟ್‌ಫಾರ್ಮ್ ಮೇಲೆ 40 ಕಿಲೋ ಕೆಸರು ಕೂತಿದೆ ಅಂತಿಟ್ಟುಕೊಳ್ರಿ. ಸೊನ್ನೆ ತೋರಿಸಬೇಕಾದ ಕಡೆ 40 ತೋರಿಸ್ತಾ ಇದೆ. ತುಂಬಿದ ತೂಕದಲ್ಲೂ 40 ಜಾಸ್ತಿ, ಖಾಲಿ ತೂಕದಲ್ಲೂ 40 ಜಾಸ್ತಿ. ಕಳೆದಾಗ ತಪ್ಪು ಮಾಯ. ಎಷ್ಟು ಕೆಸರಿತ್ತು ಅಂತ ಯಾರಿಗೂ ಗೊತ್ತಿರಬೇಕಾಗಿಲ್ಲ! ಒಂದೇ ಷರತ್ತು: ಎರಡು ತೂಕದ ನಡುವೆ ಕೆಸರು ಹೆಚ್ಚು ಕಮ್ಮಿ ಆಗಬಾರದು. ಅಂದ್ರೆ ತಪ್ಪು ನಿಧಾನದ್ದಾಗಿರಬೇಕು. ಕಾಟಾದ ಅಳತೆಯೇ ಸುಳ್ಳಾಗಿದ್ರೆ ಅದು ಬೇರೆ ಮಾತು.

ಕ್ಯೂಬಿಟ್‌ಗೂ ಇದೇ ಉಪಾಯ. ಅರ್ಧ ಹೊತ್ತು ಮುಳ್ಳು ತಿರುಗಲಿ. ಗದ್ದಲದಿಂದ ಒಂದಿಷ್ಟು ತಪ್ಪು ಕೂಡಿಕೊಳ್ಳುತ್ತೆ. ಸರಿಯಾಗಿ ನಡುವೆ ಒಂದು ಮೈಕ್ರೋವೇವ್ ಪಲ್ಸ್ ಕೊಟ್ಟು ಕ್ಯೂಬಿಟ್ಟನ್ನು ತಲೆಕೆಳಗು ಮಾಡ್ತಾರೆ. ಉಳಿದರ್ಧದಲ್ಲಿ ಅದೇ ಗದ್ದಲ, ಅಷ್ಟೇ ತಪ್ಪು, ಆದ್ರೆ ಈಗ ಕಳೆಯೋ ಕಡೆಯಿಂದ. ಕೊನೆಗೆ ಎರಡೂ ಹೊಡೆದುಹೋಗಿ ಮುಳ್ಳು ತಾನಿರಬೇಕಾದ ಜಾಗಕ್ಕೆ ಬರುತ್ತೆ. ಇದಕ್ಕೆ ಎಕೋ ಅಂತಾರೆ, ಪ್ರತಿಧ್ವನಿ. 1950ರಲ್ಲಿ ಎರ್ವಿನ್ ಹಾನ್ ಅನ್ನೋ ವಿಜ್ಞಾನಿ ಪರಮಾಣು ಬೀಜಗಳ ಮೇಲೆ ಇದನ್ನು ಮೊದಲು ಮಾಡಿ ತೋರಿಸಿದರು. ಕಲಬುರಗಿಗೋ ಹೈದರಾಬಾದ್‌ಗೋ ಹೋಗಿ ಎಂಆರ್‌ಐ ಸ್ಕ್ಯಾನ್ ಮಾಡಿಸಿದವರು ಆ ಯಂತ್ರದ ಟಕ್ ಟಕ್ ಸದ್ದು ಕೇಳಿರ್ತೀರಿ. ಅಲ್ಲೂ ಇದೇ ಸ್ಪಿನ್ ಎಕೋ ಬಳಕೆಯಲ್ಲಿದೆ.

ಗದ್ದಲ ಸ್ವಲ್ಪ ವೇಗದ್ದಾಗಿದ್ರೆ? ಎರಡು ತೂಕದ ನಡುವೆಯೇ ಕೆಸರು ಬಿದ್ದಂಗೆ. ಆಗ ಬೇಗ ಬೇಗ ತೂಗಬೇಕು. ಕ್ಯೂಬಿಟ್ಟನ್ನು ಒಂದು ಸಲದ ಬದಲು ಹತ್ತು ಸಲ, ನೂರು ಸಲ ತಲೆಕೆಳಗು ಮಾಡಬೇಕು. 2011ರಲ್ಲಿ ಅಮೆರಿಕದ ಎಂಐಟಿಯಲ್ಲಿ ಯೋನಸ್ ಬಿಲಾಂಡರ್ ಮತ್ತು ಸಂಗಡಿಗರು ಒಂದೇ ಓಟದಲ್ಲಿ 200ರವರೆಗೆ ಪಲ್ಸ್ ಕೊಟ್ಟು ಕ್ಯೂಬಿಟ್ಟಿನ ನೆನಪನ್ನು 23 ಮೈಕ್ರೋಸೆಕೆಂಡಿಗೆ ಏರಿಸಿದರು. ಅಷ್ಟೇ ಅಲ್ಲ, ಪಲ್ಸ್‌ಗಳ ನಡುವಿನ ಅಂತರ ಬದಲಿಸುತ್ತಾ ಹೋಗಿ ಯಾವ ಆವರ್ತನದಲ್ಲಿ ಎಷ್ಟು ಗದ್ದಲ ಇದೆ ಅಂತ ಕ್ಯೂಬಿಟ್ಟಿನಿಂದಲೇ ಅಳೆದರು. ಕಾಡಿದವನನ್ನೇ ಸಾಕ್ಷಿ ಹೇಳಿಸಿದಂಗೆ.

ಇನ್ನೊಂದು ಉಪಾಯ ಜಾಗ ನೋಡಿ ಕೂರೋದು. ಗುಡ್ಡದ ಇಳಿಜಾರಲ್ಲಿ ನಿಂತವನು ಒಂದು ಹೆಜ್ಜೆ ಸರಿದ್ರೆ ಎತ್ತರ ಬದಲಾಗುತ್ತೆ. ಗುಡ್ಡದ ನೆತ್ತಿ ಮೇಲೆ ನಿಂತವನು ಆಚೀಚೆ ಒಂದು ಹೆಜ್ಜೆ ಸರಿದ್ರೆ ಎತ್ತರ ಹೆಚ್ಚೂಕಮ್ಮಿ ಅಷ್ಟೇ. 2002ರಲ್ಲಿ ಫ್ರಾನ್ಸಿನ ಸಾಕ್ಲೇಯಲ್ಲಿ ಕ್ಯೂಬಿಟ್ಟನ್ನು ಇಂಥ ನೆತ್ತಿಯ ಮೇಲೆ ಕೂರಿಸಿದರು. ಅದಕ್ಕೆ ಮೂರು ವರ್ಷ ಮೊದಲು, 1999ರಲ್ಲಿ, ಜಪಾನಿನ ಎನ್‌ಇಸಿ ಪ್ರಯೋಗಾಲಯದಲ್ಲಿ ಯಾಸುನೊಬು ನಕಮುರ ಮತ್ತು ಸಂಗಡಿಗರು ಮಾಡಿದ ಮೊದಲ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ಟಿನ ನೆನಪು ಒಂದೆರಡು ನ್ಯಾನೋಸೆಕೆಂಡ್. ಸಾಕ್ಲೇಯಲ್ಲಿ ಅದು ಅರ್ಧ ಮೈಕ್ರೋಸೆಕೆಂಡಿಗೆ ಏರಿತು. 2007ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಟ್ರಾನ್ಸ್‌ಮಾನ್ ಅನ್ನೋ ವಿನ್ಯಾಸ ತಂದು, ಕ್ಯೂಬಿಟ್ಟಿಗೆ ದೊಡ್ಡ ಕೆಪ್ಯಾಸಿಟರ್ ಜೋಡಿಸಿ, ಇಡೀ ಗುಡ್ಡವನ್ನೇ ಬಯಲು ಮಾಡಿದರು. ವಿದ್ಯುದಾವೇಶ ಎಷ್ಟೇ ಅಲುಗಾಡಿದ್ರೂ ಮುಳ್ಳಿನ ವೇಗಕ್ಕೆ ಅದರ ಬಿಸಿ ತಟ್ಟೋದು ಅಪಾರ ಕಡಿಮೆ ಆಯ್ತು. ಇವತ್ತು ಒಳ್ಳೆ ಚಿಪ್ಪುಗಳಲ್ಲಿ ಕ್ಯೂಬಿಟ್ಟಿನ ಆಯುಷ್ಯ ನೂರು ಮೈಕ್ರೋಸೆಕೆಂಡ್ ದಾಟಿದೆ. ಎರಡು ನ್ಯಾನೋಸೆಕೆಂಡಿನಿಂದ ನೂರು ಮೈಕ್ರೋಸೆಕೆಂಡ್ ಅಂದ್ರೆ ಐವತ್ತು ಸಾವಿರ ಪಟ್ಟು. ಕ್ಯೂಬಿಟ್ ಸಂಖ್ಯೆಯ ತಲೆಬರಹಗಳ ಹಿಂದೆ ನಡೆದ ನಿಜವಾದ ದುಡಿಮೆ ಇದು.

ಬೆಂಗಳೂರಿನ ಪಾಲು

ಇದರಲ್ಲಿ ನಮ್ಮವರು ಏನು ಮಾಡಿದಾರೆ? ನನಗೆ ಖುಷಿ ಕೊಟ್ಟ ಭಾಗ ಇದು. ಭಾರತೀಯ ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರ ವಿಭಾಗದಲ್ಲಿ ಅರಿಂದಮ್ ಘೋಷ್ ಅವರು ನಿಧಾನದ ಗದ್ದಲವನ್ನು ವರ್ಷಗಟ್ಟಲೆಯಿಂದ ಅಳೆಯುತ್ತಾ ಬಂದವರು. 2012ರ ಭಟ್ನಾಗರ್ ಪ್ರಶಸ್ತಿ, 2020ರ ಇನ್ಫೋಸಿಸ್ ಪ್ರಶಸ್ತಿ ಪಡೆದವರು. ಕ್ವಾಂಟಂ ಮಿಷನ್ ಅನ್ನೋ ಹೆಸರು ಹುಟ್ಟೋಕೆ ಎಷ್ಟೋ ಮೊದಲೇ, ವಸ್ತುವೊಂದರ ವಿದ್ಯುತ್ ಎಷ್ಟು ಮಿಣುಕುತ್ತೆ ಅಂತ ಅಳೆಯೋ ವಿಧಾನಗಳನ್ನೇ ರೂಪಿಸಿದವರಲ್ಲಿ ಅವರೂ ಒಬ್ಬರು.

ಅವರ ಗುಂಪು ಆಸ್ಟ್ರೇಲಿಯಾದ ಸಿಡ್ನಿಯ ಮಿಶೆಲ್ ಸಿಮನ್ಸ್ ಅವರ ಗುಂಪಿನ ಜೊತೆ ಸೇರಿ ಒಂದು ಕೆಲಸ ಮಾಡಿತು. ಸಿಲಿಕಾನ್ ಸ್ಫಟಿಕದೊಳಗೆ ರಂಜಕದ ಪರಮಾಣುಗಳನ್ನು ಸಾಲಾಗಿ ಹೂತು, ಕೆಲವೇ ಪರಮಾಣು ದಪ್ಪದ ತಂತಿ ಮಾಡ್ತಾರೆ. ಸಿಲಿಕಾನ್ ಕ್ವಾಂಟಂ ಕಂಪ್ಯೂಟರಿನೊಳಗೆ ಇಂಥ ತಂತಿಗಳು ಬೇಕಾಗುತ್ತವೆ. ಅದರ ಗದ್ದಲ ಎಷ್ಟು? 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 4.2 ಕೆಲ್ವಿನ್‌ನಲ್ಲಿ, ಕಾರ್ಬನ್ ನ್ಯಾನೋಟ್ಯೂಬ್ ತಂತಿಗಳಿಗಿಂತ ಹತ್ತಿರ ಹತ್ತಿರ ಸಾವಿರ ಪಟ್ಟು ಕಡಿಮೆ. ಮುಖ್ಯ ಕಾರಣ, ತಂತಿ ಸ್ಫಟಿಕದ ಹೊಟ್ಟೆಯಲ್ಲಿದೆ. ಸಡಿಲ ಸ್ವಿಚ್‌ಗಳ ಸಂತೆ ನಡೆಯೋದು ಮೇಲ್ಮೈಯಲ್ಲಿ. ಸಂತೆಯಿಂದ ದೂರ ಮನೆ ಕಟ್ಟಿದವನಿಗೆ ನಿದ್ದೆ ಚೆನ್ನಾಗಿ ಬರುತ್ತೆ.

ಅದೇ ವಿಭಾಗದಲ್ಲಿ ವಿಭೋರ್ ಸಿಂಗ್ ಅವರ ಗುಂಪು ಸೂಪರ್‌ಕಂಡಕ್ಟಿಂಗ್ ಸರ್ಕ್ಯೂಟ್‌ಗಳನ್ನು ಮಾಡಿ, ಮಿಲಿಕೆಲ್ವಿನ್ ಚಳಿಯಲ್ಲಿ ಅಳೆಯುತ್ತಿದೆ. ಇಂಥ ಕೆಲಸಗಳಿಗೆ ತಲೆಬರಹ ಸಿಗೋದು ಕಷ್ಟ. ಹೊಸ ಯಂತ್ರ ಉದ್ಘಾಟನೆ ಆದ್ರೆ ಫೋಟೋ ಬರುತ್ತೆ. ಗದ್ದಲ ಸಾವಿರ ಪಟ್ಟು ಕಡಿಮೆ ಆಯ್ತು ಅಂದ್ರೆ ಫೋಟೋ ತೆಗೆಯೋಕೆ ಏನೂ ಇರಲ್ಲ.

ನಾವು ಕೇಳಬೇಕಾದ್ದು

ಇದರಿಂದ ನಮಗೇನು ಅನ್ನೋ ಮಾತಿಗೆ ಬರ್ತೀನಿ.

ಮುಂದಿನ ಐದಾರು ವರ್ಷ ಕ್ವಾಂಟಂ ಸುದ್ದಿ ಮೇಲಿಂದ ಮೇಲೆ ಬರುತ್ತೆ. ಇಷ್ಟು ಕ್ಯೂಬಿಟ್, ಇಷ್ಟು ಕೋಟಿ, ಇಷ್ಟು ಉದ್ಯೋಗ. ಆಗ ಎಷ್ಟು ಕ್ಯೂಬಿಟ್ ಅಂತ ಕೇಳಿದ ಮೇಲೆ ಇನ್ನೂ ಮೂರು ಪ್ರಶ್ನೆ ಕೇಳ್ರಿ. ಒಂದು, ಟಿ-ಒನ್ ಎಷ್ಟು, ಟಿ-ಟೂ ಎಷ್ಟು. ಟಿ-ಟೂ ಹೇಳಿದ್ರೆ ಅದು ಎಕೋ ಹಾಕಿ ಅಳೆದದ್ದಾ, ಹಾಕದೇ ಅಳೆದದ್ದಾ. ಈ ಎರಡರ ನಡುವಿನ ಅಂತರ ನೋಡಿದ್ರೆ ನಿಧಾನದ ಗದ್ದಲ ಎಷ್ಟಿದೆ ಅಂತ ಅಂದಾಜು ಸಿಗುತ್ತೆ. ಎರಡು, ಅಷ್ಟು ಸಮಯದಲ್ಲಿ ಎಷ್ಟು ಲೆಕ್ಕ ಮಾಡಬಹುದು. ನೆನಪು 100 ಮೈಕ್ರೋಸೆಕೆಂಡ್, ಒಂದು ಹೆಜ್ಜೆಗೆ 50 ನ್ಯಾನೋಸೆಕೆಂಡ್ ಆದ್ರೆ ಹೆಚ್ಚೆಂದರೆ 2000 ಹೆಜ್ಜೆ. ಮೂರು, ಇವತ್ತು ಅಳೆದ ಅಂಕಿ ನಾಳೆಯೂ ಅಷ್ಟೇ ಇರುತ್ತಾ. ನಿಧಾನದ ಗದ್ದಲಕ್ಕೆ ದಿನದ ಲೆಕ್ಕವೂ ಇದೆ. ಬೆಳಿಗ್ಗೆ ಸರಿಯಿದ್ದ ಕ್ಯೂಬಿಟ್ ಸಂಜೆಗೆ ಸರಿದಿರಬಹುದು. ಅದಕ್ಕೇ ಈ ಯಂತ್ರಗಳನ್ನು ಮತ್ತೆ ಮತ್ತೆ ಸೊನ್ನೆಗೆ ತಂದು ಕೂರಿಸ್ತಾ ಇರಬೇಕು. ಉತ್ತರ ಇದ್ದವರು ಹೇಳ್ತಾರೆ. ಹೇಳದೇ ಸುತ್ತಿ ಬಳಸಿದ್ರೆ ನಿಮಗೂ ಅರ್ಥ ಆಗುತ್ತೆ.

ಕ್ವಾಂಟಂ ಹೆಸರಲ್ಲಿ ಪದಕ, ನೀರಿನ ಬಾಟ್ಲಿ, ಮೊಣಕಾಲಿಗೆ ಪಟ್ಟಿ ಮಾರೋರೂ ಇದಾರೆ. ಅವರಿಗೂ ಇದೇ ಅಳತೆ ಹಿಡೀರಿ. ಸಾಮಾನ್ಯ ಉಷ್ಣಾಂಶಕ್ಕಿಂತ ಹತ್ತು ಸಾವಿರ ಪಟ್ಟು ತಣ್ಣಗೆ ಮಾಡಿ, ಗಾಳಿಯ ಆಮ್ಲಜನಕವನ್ನೂ ದೂರ ಇಟ್ಟು, ಇಷ್ಟೆಲ್ಲ ಜೋಪಾನ ಮಾಡಿದ ಕ್ಯೂಬಿಟ್ಟಿನ ನೆನಪೇ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲು. ಬಸ್‌ಸ್ಟ್ಯಾಂಡಿನಲ್ಲಿ ಮಾರೋ ಪದಕದಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತಾ, ನೀವೇ ಲೆಕ್ಕ ಹಾಕ್ರಿ.

ಇನ್ನು ಓದ್ತಿರೋ ಹುಡುಗ ಹುಡುಗಿಯರಿಗೆ ಒಂದು ಮಾತು. ಕ್ವಾಂಟಂ ಅಂದ ತಕ್ಷಣ ದೊಡ್ಡ ಗಣಿತ ಬಂದವರಿಗೆ ಮಾತ್ರ ಅಂತ ಹಿಂದೆ ಸರೀಬೇಡಿ. ಈ ಸಂಚಿಕೆಯಲ್ಲಿ ಬಂದ ಕೆಲಸಗಳನ್ನು ನೆನಪು ಮಾಡಿಕೊಳ್ಳಿ: ನಿರ್ವಾತ ಪಂಪು ನಡೆಸೋದು, ಫ್ರಿಜ್ ತಣ್ಣಗೆ ಇಡೋದು, ತಂತಿ ಬೆಸುಗೆ, ಮೈಕ್ರೋವೇವ್ ಉಪಕರಣ, ಗಂಟೆಗಟ್ಟಲೆ ಬಂದ ಅಂಕಿಗಳಲ್ಲಿ ಯಾವುದು ಏರಿಳಿತ, ಯಾವುದು ಸರಿತ ಅಂತ ಬೇರ್ಪಡಿಸೋದು. ಐಟಿಐ, ಡಿಪ್ಲೊಮಾ, ಸ್ಟ್ಯಾಟಿಸ್ಟಿಕ್ಸ್ ಕಲಿತವರ ಕೈ ಇಲ್ಲದೇ ಇದು ನಡೆಯಲ್ಲ. ನಾಳೆಯೇ ಕೆಲಸ ಸಿಗುತ್ತೆ ಅಂತ ನಾನು ಹೇಳಲ್ಲ. ಕಲಿಯೋಕೆ ಬೆಲೆ ಇರೋದು ಯಾವುದು ಅಂತ ಮಾತ್ರ ಹೇಳ್ತಿದ್ದೀನಿ. ತಾಳ್ಮೆಯಿಂದ ಅಳೆಯೋದು.

ದುಡ್ಡು ಕೊಡೋರಿಗೂ ಅದೇ ತಾಳ್ಮೆ ಬೇಕು. ಆಮ್ಲಜನಕದ ಒಗಟು ಬಿಡಿಸೋಕೆ ಹತ್ತಿರ ಹತ್ತಿರ ಮೂವತ್ತು ವರ್ಷ ಹಿಡಿಯಿತು. ವರ್ಷಕ್ಕೊಂದು ಉದ್ಘಾಟನೆ ಕೇಳಿದ್ರೆ ಕ್ಯೂಬಿಟ್ಟಿನ ಸಂಖ್ಯೆ ಏರಿಸಿ ಕೊಡ್ತಾರೆ. ನೆನಪು ಏರಿಸೋ ಕೆಲಸಕ್ಕೆ ವರ್ಷದ ಗಡುವು ಹೊಂದಲ್ಲ. 6,003 ಕೋಟಿಯಲ್ಲಿ ಎಷ್ಟು ಪಾಲು ಈ ಕಾಣದ ಅಳತೆಯ ಕೆಲಸಕ್ಕೆ ಹೋಯ್ತು ಅಂತ 2031ರಲ್ಲಿ ಯಾರಾದರೂ ಕೇಳಲೇಬೇಕು. ನಾನಂತೂ ಕೇಳ್ತೀನಿ, ನೀವೂ ಕೇಳ್ರಿ.

ಈ ವಾರ ಇಷ್ಟು. ಏನಾದ್ರೂ ತಿಳೀಲಿಲ್ಲ ಅಂದ್ರೆ, ಇಲ್ಲಾ ನಿಮ್ಮ ಊರಿನ ಕಾಟಾದ ಬಗ್ಗೆ ಬೇರೆ ಅನುಭವ ಇದ್ರೆ, ಬರೆದು ಕಳಿಸ್ರಿ. ಮುಂದಿನ ವಾರ ಮತ್ತೆ ಸಿಗೋಣ.